ಯಾವ ಕಡೆ ಮೇಲೆ

"ಮೇಡಮ್, ಕೊಕ್ಕೆ ಯಾವ ಕಡೆ ಹೊಡೀಲಿ?"
ಪ್ರತಿ ಸಲವೂ ದಸ್ತಗೀರ್ ಕೇಳುವುದು ಇದನ್ನೇ.
ಶಿವಾಜಿನಗರದ ಸಂದಿಯಲ್ಲಿ ಅವನ ಫ್ರೇಮಿನ ಅಂಗಡಿ;
ತಿಮ್ಮಪ್ಪ, ವೇಲಾಂಕಣಿ ಮಾತೆ,
ಡಿಗ್ರಿ ಗೌನಿನ ಹುಡುಗಿ, ತೀರಿಕೊಂಡ ಸರ್ಕಲ್ ಇನ್ಸ್‌ಪೆಕ್ಟರು
ಒಬ್ಬರ ಬೆನ್ನಿಗೊಬ್ಬರು ಒರಗಿ ಗಾಜಿಗೆ ಕಾಯುತ್ತಾರೆ.
ಅವರಿಗೆಲ್ಲ ತಲೆ ಯಾವುದು, ಕಾಲು ಯಾವುದು, ತಕರಾರಿಲ್ಲ.
ನನ್ನದಕ್ಕೆ ಮಾತ್ರ
ಪೆನ್ಸಿಲು ಕಿವಿಗೆ ಸಿಕ್ಕಿಸಿ ನಿಲ್ಲುತ್ತಾನೆ.

ಈ ಸಲದ್ದು ಬಣ್ಣದಿಂದ ಶುರುವಾದದ್ದಲ್ಲ, ಸದ್ದಿನಿಂದ.
ಸಂಪಂಗಿರಾಮನಗರ, ನನ್ನ ತಾರಸಿ ಕೋಣೆಯ ಎದುರಿಗೆ
ರತ್ನವೇಲು ಮಾಸ್ತರರ ಮನೆ ಕೆಡವಿದರು.
ಜೆಸಿಬಿ ಹಿಡಿಯದ ಓಣಿ. ನಾಲ್ಕು ದಿನ ಸುತ್ತಿಗೆಯಲ್ಲೇ,
ಒಂದೊಂದೇ ಹಲ್ಲು ಕೀಳುವ ಹಾಗೆ.
ಐದನೆಯ ಬೆಳಿಗ್ಗೆ ಧೂಳು ಇಳಿದಾಗ
ಮನೆ ಇರಲಿಲ್ಲ;
ಅದರ ಒಳಗು ಮಾತ್ರ
ಪಕ್ಕದ ಮನೆಯ ಗೋಡೆಗೆ ಅಂಟಿಕೊಂಡು ಉಳಿದಿತ್ತು.

ಕೆಳಗೆ ಅಡುಗೆಮನೆಯ ಗಿಣಿಹಸಿರು, ಎದೆಮಟ್ಟಕ್ಕೆ ಎಣ್ಣೆಜಿಡ್ಡು.
ಮೇಲೆ ಮಲಗುವ ಕೋಣೆಯ ನೀಲಿ,
ನೀಲಿ ಉದುರಿದಲ್ಲಿ ಗುಲಾಬಿ, ಗುಲಾಬಿ ಉದುರಿದಲ್ಲಿ ಸುಣ್ಣ.
ಮೆಟ್ಟಿಲು ಹೋಗಿ ಮೆಟ್ಟಿಲಿನ ಗರಗಸಗೆರೆ
ಹತ್ತುವವರಿಲ್ಲದೆ ಹತ್ತುತ್ತಿತ್ತು.
ಬಚ್ಚಲೊಲೆಯ ಹೊಗೆ, ದೇವರ ಗೂಡಿನ ಮಸಿ,
ಎರಡೂ ಒಂದೇ ಕಪ್ಪು.
ಮತ್ತೆ ನೀಲಿಯ ನಡುವೆ, ಕ್ಯಾಲೆಂಡರು ತೂಗಿದ್ದ ಜಾಗದಲ್ಲಿ,
ಮಾಸದ ಒಂದು ಚೌಕ.

ಓಡಿಹೋಗಿ ಕ್ಯಾನ್ವಾಸು ಬಿಗಿದೆ ಅಂದುಕೊಂಡರೆ ತಪ್ಪು.
ಹನ್ನೊಂದು ದಿನ ಏನೂ ಮಾಡಲಿಲ್ಲ.
ಕಾಫಿ ಹಿಡಿದು ನಿಂತೆ.
ಬಿಸಿಲು ಎಷ್ಟೊತ್ತಿಗೆ ಹಸಿರಿಗೆ ಬರುತ್ತದೆ, ಎಷ್ಟೊತ್ತಿಗೆ ಬಿಡುತ್ತದೆ,
ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದೆ.
ತಮ್ಮ ಫೋನಿನಲ್ಲಿ ಕೇಳಿದ: "ಸ್ಫೂರ್ತಿ ಬಂತಾ, ಅಕ್ಕ?"
ಗ್ಯಾಸು ಬಂತಾ ಅನ್ನುವ ಧಾಟಿಯಲ್ಲಿ.

ಮೊದಲ ಚಿತ್ರ ಥೇಟು ಗೋಡೆಯ ಹಾಗೇ ಬಂತು. ಅದೇ ಅದರ ಐಬು.
ನೋಡಿದವರು "ಅಯ್ಯೋ, ಒಡೆದ ಮನೆ, ಪಾಪ" ಅನ್ನುತ್ತಿದ್ದರು;
ಪಾಪ ಅಂದ ಮೇಲೆ ಯಾರೂ ಇನ್ನೊಮ್ಮೆ ನೋಡುವುದಿಲ್ಲ.
ಕರಣೆ ತೆಗೆದು ಕೆರೆದೆ.
ಕರಣೆ ಅಪ್ಪನದು, ಗಾರೆ ಕೆಲಸದ ಮರಿಸ್ವಾಮಿಯದು.
ಕತ್ತಲಲ್ಲಿ ಅಂಗೈ ಆಡಿಸಿ "ಇಲ್ಲಿ ಉಬ್ಬಿದೆ" ಅನ್ನುತ್ತಿದ್ದ.
ಈ ಊರಿನ ಎಷ್ಟು ಗೋಡೆ ನುಣ್ಣಗೆ ಮಾಡಿದನೋ!
ನನಗೆ ಒಂದನ್ನು ಒರಟು ಮಾಡಲು ಕಲಿಯುವುದಕ್ಕೇ
ಮೂವತ್ತು ವರ್ಷ ಹಿಡಿಯಿತು.

ಎರಡನೆಯದರಲ್ಲಿ ಮೆಟ್ಟಿಲು ಬಿಟ್ಟೆ.
ಮೂರನೆಯದರಲ್ಲಿ ಮಸಿ.
ಹಸಿರನ್ನು ಬಿಡಲು ಮನಸ್ಸೇ ಬರಲಿಲ್ಲ,
ಅದಕ್ಕೇ ಬಿಟ್ಟೆ.
ಉಳಿದದ್ದು ಆ ಚೌಕ.
ಅದಕ್ಕೆ ಮಾತ್ರ ಯಾವ ಟ್ಯೂಬಿನಲ್ಲೂ ಬಣ್ಣ ಸಿಗಲಿಲ್ಲ;
ಬಟ್ಟೆನೀಲಿ ಕಲಸಿದೆ, ಸುಣ್ಣ ಕಲಸಿದೆ,
ಹಳೆಯದಾಗದೆ ಉಳಿದ ಹಳೆಯ ನೀಲಿ ಬರಲೊಲ್ಲದು.

ಒಂದು ರಾತ್ರಿ ಕರೆಂಟು ಹೋದಾಗ ಹೊಳೆಯಿತು:
ಚೌಕವನ್ನು ಯಾರೂ ಬರೆದಿರಲಿಲ್ಲವಲ್ಲ.
ಬೆಳಿಗ್ಗೆ ಕ್ಯಾನ್ವಾಸಿಗೆಲ್ಲ ಒಂದೇ ನೀಲಿ ಬಳಿದು, ಒಣಗಿಸಿ,
ನಡುವೆ ಕಾಗದ ಅಂಟಿಸಿ, ಸುತ್ತಲೂ ಹಚ್ಚುತ್ತ ಹೋದೆ,
ಎರಡನೇ ಡಿಕಾಕ್ಷನ್ನಿನಷ್ಟು ತೆಳ್ಳಗೆ,
ವರ್ಷಕ್ಕೊಂದರಂತೆ ನಲವತ್ತು ಪದರ.
ಒಣಗಲು ಬಿಟ್ಟೆ. ಮತ್ತೆ ಹಚ್ಚಿದೆ. ಕೆಲವು ವರ್ಷ ಸೋರಿದವು.
ಅಷ್ಟರಲ್ಲಿ ಎದುರಿಗೆ ಪಿಲ್ಲರು ಎದ್ದು, ಬಲೆ ಇಳಿಬಿಟ್ಟು
ಗೋಡೆ ಕಾಣುವುದು ನಿಂತಿತು.
ಒಳ್ಳೆಯದೇ ಆಯಿತು, ಹೋಲಿಸಿ ನೋಡುವ ಚಪಲ ತಪ್ಪಿತು.
ಆಮೇಲೆ ಉಗುರಿನಿಂದ ಕಾಗದದ ಮೂಲೆ ಎಬ್ಬಿಸಿದೆ.

ಏನು ಕಂಡಿತು ಎಂದು ಹೇಳಲಾರೆ,
ಹೇಳಲು ಬಂದಿದ್ದರೆ ಮಾಸ್ತರರಿಗೆ ಕಾಗದ ಬರೆಯುತ್ತಿದ್ದೆ.

ದಸ್ತಗೀರ್ ಅದನ್ನು ಎತ್ತಿ, ಪಕ್ಕಕ್ಕೆ ವಾಲಿಸಿ,
ಬಾಗಿಲ ಬೆಳಕಿಗೆ ಹಿಡಿದ.
ಸೋರಿದ ವರ್ಷಗಳು ಅಡ್ಡಕ್ಕೆ ಬೀಸತೊಡಗಿದವು.
"ಹಂಗಿಟ್ರೆ ನಿಂತಂಗಿದೆ, ಮೇಡಮ್.
ಹಿಂಗಿಟ್ರೆ ಕೂತಂಗೆ."
ಕೂರಲಿ, ಅಂದೆ.
ಗುರುವಾರ ಬನ್ನಿ, ಅಂದ.

ತಿರುವಿ ಹಾಕಿ, ಬೆನ್ನಿಗೆ
ಪೆನ್ಸಿಲಿನಿಂದ ಮೇಲ್ಮುಖವಾಗಿ ಒಂದು ಬಾಣ ಗೀಚಿದ.
ಇಡೀ ಚಿತ್ರದಲ್ಲಿ ಎಲ್ಲರಿಗೂ ಅರ್ಥವಾಗುವ ಗೆರೆ ಅದೊಂದೇ,
ಅದು ಗೋಡೆಯ ಕಡೆಗೆ ಮುಖ ಮಾಡಿರುತ್ತದೆ.